ಹಾಡುವವರು ಉಸಿರೆಳೆಯುವ ಜಾಗ

ನನ್ನ ಕೆಲಸ ಬೆಂಗಳೂರಿನ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಭಾವಗೀತೆ, ಜಾಹೀರಾತಿನ ಜಿಂಗಲ್, ಅಪರೂಪಕ್ಕೆ ಸಿನಿಮಾ ಹಾಡು. ಹೊಸ ಗಿಟಾರ್ ವಾದಕರು ಬಂದರೆ ಮೊದಲು ಪೀಟ್ ಡ್ರೇಕ್ ನುಡಿಸಿದ್ದನ್ನು ಕೇಳಿಸುತ್ತೇನೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಬ್ ಡಿಲನ್ ಅವರ 'ಲೇ ಲೇಡಿ ಲೇ' ಹಾಕಿದ ತಕ್ಷಣ ಮುಖ ಅರಳುತ್ತದೆ. ಅದರಲ್ಲಿ ಜಾರಿಕೊಂಡು ಬರುವ ಪೆಡಲ್ ಸ್ಟೀಲ್ ಗಿಟಾರ್ ಡ್ರೇಕ್ ಅವರದು.

ಅದು ಮೇಜಿನ ಹಾಗೆ ಕಾಲ ಮೇಲೆ ನಿಲ್ಲುವ ವಾದ್ಯ. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ತಂತಿ ಮೀಟುವ ಪಿಕ್. ಪೆಡಲ್ ಒತ್ತಿದರೆ ಕೆಲವು ತಂತಿಗಳ ಸ್ವರ ಮಾತ್ರ ಬದಲಾಗುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಇಷ್ಟೆಲ್ಲ ಇದ್ದರೆ ಹಾಡಿನ ತುಂಬ ನುಡಿಸಬೇಕು ಅನಿಸುತ್ತೆ, ಅಲ್ವಾ? ಡ್ರೇಕ್ ಹಾಗೆ ಮಾಡಲಿಲ್ಲ. ಸಾಲು ಮುಗಿದು ಗಾಯಕರು ಉಸಿರೆಳೆಯುವಾಗ ಬರುತ್ತಾರೆ, ಮುಂದಿನ ಸಾಲಿಗೆ ದಾರಿ ಬಿಡುತ್ತಾರೆ.

1932ರಲ್ಲಿ ಅಮೆರಿಕದ ಜಾರ್ಜಿಯಾದ ಆಗಸ್ಟಾದಲ್ಲಿ ಹುಟ್ಟಿದ ಇವರು 1959ರಲ್ಲಿ ಕಂಟ್ರಿ ಅನ್ನುವ ಅಮೆರಿಕದ ಹಳ್ಳಿಸೊಗಡಿನ ಸಂಗೀತದ ಊರಾದ ನ್ಯಾಶ್‌ವಿಲ್‌ಗೆ ಬಂದರು. ಗಿಟಾರಿನ ಸದ್ದು ಬರುವ ಕೊಳವೆಯನ್ನು ಬಾಯಲ್ಲಿ ಇಟ್ಟುಕೊಂಡು ಗಿಟಾರನ್ನೇ 'ಮಾತಾಡಿಸಿದ' ಇವರ 'ಫಾರೆವರ್' 1964ರಲ್ಲಿ ಹಿಟ್ ಆಯಿತು. ಜನ ಇವರನ್ನು ನೆನೆಯುವುದು ಜಾಸ್ತಿ ಆ ಕೊಳವೆಗಾಗಿ. ನನಗೆ ಮಾತ್ರ ಇವರು ಆಲ್ಬಮ್‌ಗಳ ನಿರ್ಮಾಪಕರಾಗಿ, ಅಂದರೆ ರೆಕಾರ್ಡಿಂಗ್ ನಡೆಸುವವರಾಗಿ ಮಾಡಿದ ಕೆಲಸವೇ ದೊಡ್ಡದು.

1970ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ಆಲ್ಬಮ್‌ಗೆ ನುಡಿಸಲು ಲಂಡನ್‌ಗೆ ಹೋದಾಗ ಅದೇ ತಂಡದ ಡ್ರಮ್ ವಾದಕ ರಿಂಗೋ ಸ್ಟಾರ್ ಅವರ ಕಾರಿನಲ್ಲಿ ಕಂಟ್ರಿ ಹಾಡುಗಳ ಟೇಪ್‌ಗಳು ಕಣ್ಣಿಗೆ ಬಿದ್ದವು. ಬೇರೆಯವರಾದರೆ ಸುಮ್ನೆ ಇರುತ್ತಿದ್ದರು. ಇವರು ನ್ಯಾಶ್‌ವಿಲ್‌ಗೆ ಬನ್ನಿ ಅಂತ ಕರೆದರು. ಅಲ್ಲಿನ ಗೀತರಚನಕಾರರಿಂದ ಹಾಡು ತರಿಸಿದರು, ವಾದಕರನ್ನು ಸೇರಿಸಿದರು. ಎಲ್ವಿಸ್ ಜೊತೆ ಗಿಟಾರ್ ನುಡಿಸಿದ್ದ ಸ್ಕಾಟಿ ಮೂರ್ ಎಂಜಿನಿಯರ್. ರಿಂಗೋ ಅವರ ಇಡೀ ಆಲ್ಬಮ್ ಕೆಲವೇ ದಿನಗಳಲ್ಲಿ ಮುಗಿಯಿತು.

ಆ ವೇಗಕ್ಕೆ ಊರಿನ ಪದ್ಧತಿಯೂ ಕಾರಣ. ನ್ಯಾಶ್‌ವಿಲ್‌ನಲ್ಲಿ ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) 1, 4, 5 ಅಂತ ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. ಗಾಯಕರು ಶ್ರುತಿ ಬದಲಿಸಿದರೂ ಹಾಳೆ ಬದಲಾಗುವುದಿಲ್ಲ. ಸರಿಗಮದಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದರೂ ನಮ್ಮ ಸ್ಟುಡಿಯೋದಲ್ಲಿ 'ಶ್ರುತಿ ಅರ್ಧ ಮನೆ ಇಳಿಸಿ' ಅಂದರೆ ಎಲ್ಲರೂ ಕಾರ್ಡ್ ಅಳಿಸಿ ಬರೆಯಲು ಕೂರುತ್ತಿದ್ದರು. ಈಗ ನಾವೂ ಅಂಕಿಯಲ್ಲೇ ಬರೆಯುತ್ತೇವೆ.

ಡ್ರೇಕ್ ಆಮೇಲೆ ಸ್ವಂತ ಲೇಬಲ್ ಕಟ್ಟಿ ಹಳೆಯ ಕಂಟ್ರಿ ಗಾಯಕರ ಹಾಡುಗಳನ್ನು ರೆಕಾರ್ಡ್ ಮಾಡಿದರು. ಅವರಲ್ಲಿ ಅರ್ನೆಸ್ಟ್ ಟಬ್ ಒಬ್ಬರು. ಟಬ್ ಹಾಡಿ ಹೋದ ಮೇಲೆ ಅದೇ ಟ್ರ್ಯಾಕ್‌ಗಳ ಮೇಲೆ ವಿಲ್ಲಿ ನೆಲ್ಸನ್, ಲೊರೆಟಾ ಲಿನ್, ಜಾನಿ ಕ್ಯಾಶ್ ಮುಂತಾದವರಿಂದ ಗುಟ್ಟಾಗಿ ಹಾಡಿಸಿದರು. 1979ರಲ್ಲಿ, ಟಬ್ 65ನೇ ಹುಟ್ಟುಹಬ್ಬದ ಹೊತ್ತಿಗೆ, ಆಲ್ಬಮ್ ಹೊರಬಂತು. ಗಾಯನದ ಎಡಿಟಿಂಗ್ ಮಾಡುವ ನನಗೆ ಇದೇ ಬೆರಗು. ಟಬ್ ಧ್ವನಿ ತೀರಾ ತಗ್ಗು, ಹಾಡಿದ್ದು ಆಗಲೇ ಟೇಪ್‌ನಲ್ಲಿದೆ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಗ ಇಲ್ಲ. ಬಂದವರೆಲ್ಲ ತಮ್ಮ ಅನುಕೂಲ ಬಿಟ್ಟು ಅವರ ಶ್ರುತಿಗೆ, ಅವರ ನಡೆಗೆ ಹೊಂದಿಕೊಂಡೇ ಹಾಡಬೇಕಿತ್ತು. ಅಷ್ಟು ಜನ ಸ್ಟಾರ್‌ಗಳನ್ನು ಅದಕ್ಕೆ ಒಪ್ಪಿಸಿದ್ದೂ ಡ್ರೇಕ್ ಅವರೇ.