ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ಸೋರಿಕೆ

ಮಂಡ್ಯದ ನಮ್ಮ ಮನೆಯಂಗಳದಲ್ಲಿ, ಜೀಪಿನ ಹಿಂಭಾಗದ ಕೆಳಗೆ ಬಿದ್ದಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದಾಗ ಗಂಧಕದ ಕಟುವಾಸನೆ ಬಂದುದರಿಂದ, ಅದು ಬ್ರೇಕ್ ಆಯಿಲ್ ಅಲ್ಲ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಎಂದು ತಿಳಿಯಿತು. ಅದರ ಹೊರಕವಚವಾದ ಹೌಸಿಂಗನ್ನು ತೊಳೆದು ಒರೆಸಿ, ಶ್ರೀರಂಗಪಟ್ಟಣದವರೆಗೆ ಹೋಗಿಬಂದು ನೋಡಿದೆ. ಒಳಗೆ ಶಕ್ತಿ ತರುವ ಪಿನಿಯನ್ ಗೇರಿನ ದಂಡದ ಸುತ್ತ ಎಣ್ಣೆ ಸೋರದಂತೆ ತಡೆಯುವ ಉಂಗುರವಾದ ಪಿನಿಯನ್ ಸೀಲಿನ ಸುತ್ತ ಮಾತ್ರ ಹಸಿಯಾಗಿತ್ತು.

ಸೀಲ್ ಬದಲಿಸುವ ಮುನ್ನ, ಹೌಸಿಂಗಿನ ಒಳಗಿನ ಗಾಳಿ ಹೊರಹೋಗುವ ಕಿರುದಾರಿಯಾದ ಬ್ರೀದರನ್ನು ಪರೀಕ್ಷಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕಬ್ಬಿನ ಗದ್ದೆಯ ಕೆಸರು ಅದರಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಸಿಯಾದ ಗಾಳಿಗೆ ಹೊರದಾರಿಯಿಲ್ಲದೆ ಒಳಗಿನ ಒತ್ತಡ ಹೆಚ್ಚಿ, ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರದೂಡುತ್ತಿತ್ತು. ಹೊಸ ಸೀಲನ್ನಷ್ಟೇ ಹಾಕಿದ್ದರೆ ಅದೂ ಸೋರುತ್ತಿತ್ತು.

ಬ್ರೀದರನ್ನು ಶುಚಿಗೊಳಿಸಿ, ಬೇರಿಂಗಿನ ಬಿಗಿತ ಕೆಡದಂತೆ ಪಿನಿಯನ್ ನಟ್ಟಿನ ಸ್ಥಾನವನ್ನು ಗುರುತು ಹಾಕಿಕೊಂಡು ಸೀಲ್ ಕೂರಿಸಿದ ಮೆಕ್ಯಾನಿಕ್, ಫಿಲ್ಲರ್ ರಂಧ್ರದ ಕೆಳ ಅಂಚಿನವರೆಗೆ 80ಡಬ್ಲ್ಯು-90 ದರ್ಜೆಯ ಗೇರ್ ಎಣ್ಣೆ ತುಂಬಿದರು.