ತಡಿಯಂಡಮೋಳ್‌ನಲ್ಲಿ ಏನೇನು ಸಿಕ್ಕಿತು

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಎತ್ತರ ಕೇಳಿ ಹೆದರಬೇಕಿಲ್ಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ಬೆಳಗ್ಗೆ ಬೇಗ ಹೊರಟರೆ ಅದೇ ದಿನ ಆರಾಮಾಗಿ ಹತ್ತಿ ಇಳಿಯಬಹುದು. ಅರಮನೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು.

ಶುರುವಿನ ದಾರಿ ಸುಮಾರು. ಕಾಫಿ ತೋಟ, ಕಾಂಕ್ರೀಟ್ ರಸ್ತೆ, ಆಗೊಮ್ಮೆ ಈಗೊಮ್ಮೆ ಜೀಪು. ಕಾಡು ಸಿಕ್ಕ ಮೇಲೇ ನಿಜವಾದ ಚಾರಣ. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಮಳೆ ಬಿಟ್ಟಿತ್ತು, ಜಿಗಣೆ ಬಿಟ್ಟಿರಲಿಲ್ಲ! ಜಿಗಣೆ ಕಚ್ಚುವುದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮೊದಲೇ ವ್ಯವಸ್ಥೆ ಮಾಡಿರುತ್ತೆ, ಹಾಗಾಗಿ ಕಿತ್ತುಹಾಕಿದ ಮೇಲೂ ಸುಮಾರು ಹೊತ್ತು ಸೋರುತ್ತಲೇ ಇರುತ್ತೆ. ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.

ಕಾಡೊಳಗೆ ತಲೆ ಮೇಲೆ ಎಲೆ ಅಲ್ಲಾಡಿತು. ಮಂಗ ಅಂದುಕೊಂಡೆವು, ಕೆಂದಳಿಲು. ಬೆನ್ನು ಕಡು ಕೆಂಪು, ಹೊಟ್ಟೆ ಕೆನೆ ಬಣ್ಣ, ಮೈಗಿಂತ ಉದ್ದದ ಬಾಲ ಕೊಂಬೆಯಿಂದ ನೇತಾಡುತ್ತಿತ್ತು. ಹಿಂಗಾಲಲ್ಲಿ ಕೊಂಬೆ ಹಿಡಿದು, ಮುಂಗೈಯಲ್ಲಿ ಕಾಯಿ ತಿರುಗಿಸಿ ತಿರುಗಿಸಿ ಕೊರೆಯುತ್ತಿತ್ತು. ಸಿಪ್ಪೆ ನಮ್ಮ ಮೇಲೇ ಉದುರಿತು. ನೆಲಕ್ಕಿಳಿಯುವುದು ಅಪರೂಪ ಅದು. ಗೂಡೂ ಮೇಲೇ, ಓಡಾಟವೂ ಮರದಿಂದ ಮರಕ್ಕೆ ಜಿಗಿದೇ.

ಮುಂದೆ ದಾರಿ ಮಧ್ಯೆ ಆನೆ ಲದ್ದಿ. ಹಳೆಯದು, ಒಣಗಿತ್ತು. ಕೋಲಿನಿಂದ ಬಿಡಿಸಿ ನೋಡಿದರೆ ಅರ್ಧಂಬರ್ಧ ಜೀರ್ಣವಾದ ಬಿದಿರಿನ ನಾರು, ಒಂದಿಷ್ಟು ಬೀಜ, ಒಳಗೆ ಗಡಿಬಿಡಿಯಲ್ಲಿ ಸಗಣಿ ಹುಳ. ಬೆಟ್ಟ ಹತ್ತಿ ಬಂದವರನ್ನು 'ಆನೆ ನೋಡಿದ್ರಾ, ಹುಲಿ ನೋಡಿದ್ರಾ' ಅಂತ ಕೇಳುವುದು ರೂಢಿ. ನಡೆದು ಹೋಗುವಾಗ ಆನೆ ಎದುರಾಗದಿದ್ದರೇ ಒಳ್ಳೆಯದು, ಅಲ್ವಾ?

ಆಮೇಲೆ ಹುಲ್ಲುಗಾವಲು. ಬೋಳು ಗುಡ್ಡ, ಕಣಿವೆ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ಕೊನೆಯ ಏರು ಇಂಥದೇ ಒಂದು ಶೋಲಾ ತುಂಡಿನೊಳಗೆ. ಬೇರು ಹಿಡಿದು ಹತ್ತಬೇಕು, ಏದುಸಿರು ಬಂದೇ ಬರುತ್ತೆ. ಎಲ್ಲೋ ತೊರೆ ಪಕ್ಕ ಸಿಳ್ಳಾರ ಹಕ್ಕಿ ಕೂಗುತ್ತಿತ್ತು, ಥೇಟ್ ಪೋಲಿ ಹುಡುಗ ರಾಗವಿಲ್ಲದೆ ಸಿಳ್ಳೆ ಹೊಡೆದ ಹಾಗೆ. ಹುಡುಕಿದೆವು, ಕಾಣಲಿಲ್ಲ.

ತುದಿಯಲ್ಲಿ ಗಾಳಿಯೋ ಗಾಳಿ. ಬಾನು ತಿಳಿಯಾಗಿದ್ದರೆ ಪಶ್ಚಿಮಕ್ಕೆ ಕೇರಳದ ಕಡೆ ದೂರದವರೆಗೆ ಕಾಣುತ್ತೆ. ನಮಗೆ ಸಿಕ್ಕಿದ್ದು ಮಂಜು. ಚಪಾತಿ ತಿಂದು, ಬೇರೆಯವರು ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿಗಳನ್ನೂ ಚೀಲಕ್ಕೆ ತುರುಕಿ, ಮತ್ತೆ ಜಿಗಣೆಗಳ ಕಡೆ ಇಳಿದೆವು.