ತಕ್ಕಡಿ ಪುಸ್ತಕ: ಹನ್ನೊಂದನೇ ವಾರ

ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಅಂತ ಮಾರುವ ಬಡ್ಜಿಗಳು ನಮ್ಮನೆಯಲ್ಲಿ ನಾಲ್ಕಿವೆ. ದಿನಾ ಬೆಳಿಗ್ಗೆ ಕಾಳು ಹಾಕುವ ಮೊದಲೇ ಅವುಗಳ ತೂಕ ಬರೆದಿಡಲು ಶುರು ಮಾಡಿ ಇದು ಹನ್ನೊಂದನೇ ವಾರ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೊಂದು ಕಡ್ಡಿ ಕೂರಿಸಿ, ಎದುರಿಗೆ ನವಣೆ ತೆನೆ ತೋರಿಸಿದರೆ ತಾವೇ ಹತ್ತಿ ಕೂರುತ್ತವೆ. ಇಷ್ಟು ಕಲಿಸಲು ಹದಿನೈದು ದಿನ ಹಿಡಿಯಿತು.

ನಾಲ್ಕರಲ್ಲಿ ಒಂದರ ಹೆಸರು ಅರಿಶಿನಿ. ಹೋದ ವಾರ ಸೋಮವಾರ ಅದರ ತೂಕ 36 ಗ್ರಾಂ. ಗುರುವಾರ 34. ಶನಿವಾರ 32.

ನೋಡಲು ಚೆನ್ನಾಗಿಯೇ ಇತ್ತು. ಬಟ್ಟಲು ಬಿಟ್ಟು ಕದಲುತ್ತಲೇ ಇರಲಿಲ್ಲ. “ಎಲ್ಲಕ್ಕಿಂತ ಜಾಸ್ತಿ ಇದೇ ತಿಂತಿದೆಯಲ್ಲೋ, ಇದಕ್ಕೇನಾಗಿದೆ?” ಅಂದಳು ಅಮ್ಮ. ಹತ್ತಿರ ಕೂತು ನೋಡಿದೆ. ಕಾಳು ಎತ್ತಿಕೊಳ್ಳುತ್ತೆ, ಕೊಕ್ಕಿನಲ್ಲಿ ಉರುಳಿಸುತ್ತೆ, ಸಿಪ್ಪೆ ಬಿಡಿಸುತ್ತೆ, ತಿರುಳನ್ನೂ ಕೆಳಗೆ ಉದುರಿಸಿಬಿಡುತ್ತೆ. ಬಟ್ಟಲ ಸುತ್ತ ಸಿಪ್ಪೆಯ ಜೊತೆ ಹಳದಿ ತಿರುಳು ಹಾಗೇ ಬಿದ್ದಿತ್ತು.

ಸುಸ್ತು ತೋರಿಸಿಕೊಂಡ ಹಕ್ಕಿ ಬಯಲಿನಲ್ಲಾದರೆ ಮೊದಲು ಬೇಟೆಗೆ ಸಿಗುತ್ತೆ. ಅದಕ್ಕೇ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತವೆ. ಪುಕ್ಕ ಉಬ್ಬಿಸಿಕೊಂಡು ಹಗಲೆಲ್ಲ ತೂಕಡಿಸುವುದು, ಉಸಿರಿಗೊಮ್ಮೆ ಬಾಲ ಕುಣಿಯುವುದು, ಪಂಜರದ ತಳಕ್ಕಿಳಿದು ಕೂರುವುದು ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತೆ. 36 ಗ್ರಾಂ ಜೀವದಲ್ಲಿ 4 ಗ್ರಾಂ ಹೋದರೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚೇ ಹೋದಂತೆ.

ಪಂಜರದ ತಳದ ತಟ್ಟೆಗೆ ಈಗ ನ್ಯೂಸ್‌ಪೇಪರ್ ಬದಲು ಬಿಳಿ ಹಾಳೆ ಹಾಸುತ್ತೇನೆ, ಹಿಕ್ಕೆ ಸರಿಯಾಗಿ ಕಾಣಲಿ ಅಂತ. ಚೆನ್ನಾಗಿರುವ ಹಿಕ್ಕೆಯಲ್ಲಿ ಕಡುಹಸಿರು ಸುರುಳಿ, ಸುಣ್ಣದಂಥ ಬಿಳಿ, ಸುತ್ತ ಒಂಚೂರು ನೀರು ಇರುತ್ತೆ. ಕೊತ್ತಂಬರಿ ಸೊಪ್ಪು ತಿಂದ ದಿನ ನೀರು ಜಾಸ್ತಿಯಾದರೆ ಗಾಬರಿ ಬೇಡ. ಆದರೆ ಅರಿಶಿನಿಯ ಹಿಕ್ಕೆಯಲ್ಲಿ ಜೀರ್ಣವಾಗದ ನವಣೆ ಕಾಳೇ ಇತ್ತು.

ಹೋದ ವರ್ಷ ನೀಲಿ ಹಕ್ಕಿ ಸೊರಗಿದಾಗ ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಪುಡಿಯನ್ನು ನೀರಿಗೆ ಹಾಕಿ ಐದು ದಿನ ಕಾದೆ. ಆರನೇ ದಿನ ಅದು ಇರಲಿಲ್ಲ. ಈ ಸಲ ಕಾಯಲಿಲ್ಲ. ಹಾಳೆಯ ಮೇಲಿನ ಹಿಕ್ಕೆಯನ್ನೂ ಡಬ್ಬಿಗೆ ಹಾಕಿಕೊಂಡು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ, ಹಕ್ಕಿ ನೋಡುವ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಎದೆ ಮೂಳೆ ಸವರಿ ನೋಡಿದರು, ಮಾಂಸ ಕರಗಿ ಕತ್ತಿಯಂತೆ ಚೂಪಾಗಿತ್ತು. ಆಮೇಲೆ ಹಿಕ್ಕೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ‘ಮೆಗಾಬ್ಯಾಕ್ಟೀರಿಯಾ’ ಅಂದರು. ಹೆಸರಲ್ಲಷ್ಟೇ ಬ್ಯಾಕ್ಟೀರಿಯಾ, ನಿಜಕ್ಕೂ ಅದು ಹೊಟ್ಟೆಯಲ್ಲಿ ಬೆಳೆಯುವ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಆ್ಯಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ. ಶಿಲೀಂಧ್ರ ಕೊಲ್ಲುವ ಆಂಫೋಟೆರಿಸಿನ್ ಔಷಧಿ ಬರೆದುಕೊಟ್ಟರು, ದಿನಕ್ಕೆರಡು ಸಲ ಬಾಯಿಗೆ.

ನಮ್ಮೂರಿನ ಬೆಳಗಿನ ಚಳಿಗೆ ಅರಿಶಿನಿಯನ್ನು ಬೇರೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಒಂದು ಬದಿಗೆ ಮಾತ್ರ ಬಲ್ಬಿನ ಶಾಖ, 30 ಡಿಗ್ರಿ ಆಸುಪಾಸು; ಸೆಕೆ ಅನಿಸಿದರೆ ಆಚೆ ಸರಿದುಕೊಳ್ಳಲಿ ಅಂತ. ಉಳಿದ ಮೂರರ ಹಿಕ್ಕೆಯನ್ನೂ ಪರೀಕ್ಷೆಗೆ ಕೊಟ್ಟಿದ್ದೇನೆ.

ಇವತ್ತು ಔಷಧಿಯ ಏಳನೇ ದಿನ. 33 ಗ್ರಾಂ. ಬಟ್ಟಲ ಸುತ್ತ ಬರೀ ಸಿಪ್ಪೆ, ತಿರುಳು ಒಂದೂ ಇಲ್ಲ.